ಮೂರು ಉಡುಪಿನಲ್ಲಿ ಒಬ್ಬಳೇ ಕಮೀಲ್

ಹುಲ್ಲಿನ ಮೇಲೆ ಅಗಲವಾಗಿ ಹರಡಿಕೊಂಡ ಒಂದು ಬಿಳಿ ಲಂಗ. ಪ್ಯಾರಿಸ್ಸಿನ ಒರ್ಸೆ ಮ್ಯೂಸಿಯಂನಲ್ಲಿ ಆ ಚಿತ್ರದ ಮುಂದೆ ನಿಂತಾಗ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಅದು. ಲಂಗದ ಒಂದು ಭಾಗ ಬಿಸಿಲಿನಲ್ಲಿದೆ, ಇನ್ನೊಂದು ಭಾಗ ಮರದ ನೆರಳಿನಲ್ಲಿದೆ. ಬಿಸಿಲಿನ ಭಾಗ ಕಣ್ಣು ಕುಕ್ಕುತ್ತದೆ. ನೆರಳಿನ ಭಾಗ ಬಿಳಿಯೇ ಅಲ್ಲ. ಹತ್ತಿರ ಹೋಗಿ ನೋಡಿದರೆ ಬೂದು, ತಿಳಿ ನೀಲಿ, ಒಂಚೂರು ನೇರಳೆ. ಎರಡು ಹೆಜ್ಜೆ ಹಿಂದೆ ಸರಿದರೆ ಮತ್ತೆ ಅದೇ ಬಿಳಿ ಬಟ್ಟೆ. ನಾನು ಹಾಗೆ ಹಿಂದೆ ಮುಂದೆ ಎಷ್ಟು ಸಲ ಓಡಾಡಿದೆನೋ ಗೊತ್ತಿಲ್ಲ.

ಚಿತ್ರದ ಹೆಸರು ‘ತೋಟದಲ್ಲಿ ಹೆಂಗಸರು’. ಬರೆದವನು ಕ್ಲೋದ್ ಮೋನೆ. 1866ರಲ್ಲಿ ಶುರು ಮಾಡಿ, ಮುಂದಿನ ವರ್ಷದ ಹೊತ್ತಿಗೆ ಮುಗಿಸಿದ. ಎತ್ತರ 255 ಸೆಂಟಿಮೀಟರ್, ಅಗಲ 205. ನಮ್ಮ ಮನೆಯ ಬಾಗಿಲಿಗಿಂತ ಎತ್ತರ. ಅದುವರೆಗೆ ಪುಸ್ತಕದಲ್ಲಿ ಅಂಗೈ ಅಗಲದ ಪುಟದಲ್ಲಿ ನೋಡಿದ್ದ ನನಗೆ ಇದು ಇಷ್ಟು ದೊಡ್ಡದು ಅನ್ನೋ ಅಂದಾಜೇ ಇರಲಿಲ್ಲ. ಮುಂದೆ ನಿಂತರೆ ತೋಟದ ಗೇಟು ತೆಗೆದು ಒಳಗೆ ಹೋದ ಹಾಗಿರುತ್ತದೆ.

ನಡುವೆ ಒಂದು ಚಿಕ್ಕ ಮರ. ಅದನ್ನು ಬಳಸಿಕೊಂಡು ಒಂದು ಕಾಲುದಾರಿ. ಮುಂದುಗಡೆ ಒಬ್ಬಳು ಹುಲ್ಲಿನ ಮೇಲೆ ಕೂತಿದ್ದಾಳೆ. ಕೈಯಲ್ಲಿ ಬಿಸಿಲ ಕೊಡೆ, ಮಡಿಲಲ್ಲಿ ಹೂವು, ನೋಟ ಹೂವಿನ ಮೇಲೆ. ಅವಳ ಹಿಂದೆ ಎಡಗಡೆಗೆ ಇಬ್ಬರು ನಿಂತಿದ್ದಾರೆ. ಅವರಲ್ಲಿ ಒಬ್ಬಳು ಹೂಗೊಂಚಲನ್ನು ಮುಖಕ್ಕೆ ಒತ್ತಿ ಹಿಡಿದು ಮೂಸುತ್ತಿದ್ದಾಳೆ. ಬಲಗಡೆ ಕೆಂಗೂದಲಿನ ಒಬ್ಬಳು ಮರದ ಹಿಂದಿನಿಂದ ಸರಸರ ಹೋಗುತ್ತಾ ಹೂವಿನ ಗಿಡಕ್ಕೆ ಕೈ ಚಾಚಿದ್ದಾಳೆ. ಇಷ್ಟೇ. ಯಾರೂ ಯಾರಿಗೂ ಏನೂ ಹೇಳುತ್ತಿಲ್ಲ. ಏನೂ ನಡೆಯುತ್ತಿಲ್ಲ. ಮಧ್ಯಾಹ್ನದ ಬಿಸಿಲು ಇದೆ, ಹೂವು ಇದೆ, ಹೊತ್ತು ಬೇಕಾದಷ್ಟು ಇದೆ. ಪುರುಸೊತ್ತು ಅಂದರೆ ಇದು ಅಲ್ವಾ ಅನ್ನಿಸಿತು.

ಎಡಗಡೆಯ ಮೂವರೂ ಒಬ್ಬಳೇ ಎಂದು ಗೊತ್ತಾಗಿದ್ದು ಆಮೇಲೆ. ಮೂರು ಬೇರೆ ಬೇರೆ ಉಡುಪು ಹಾಕಿಕೊಂಡು, ಮೂರು ಬೇರೆ ಬೇರೆ ಭಂಗಿಯಲ್ಲಿ ದಿನಗಟ್ಟಲೆ ನಿಂತು ಕೂತು ಮಾಡಿದವಳು ಕಮೀಲ್ ದೊಂಸ್ಯೋ. ಆ ಬೇಸಿಗೆಯಲ್ಲಿ ಅವಳಿಗೆ 19 ವರ್ಷ. ಮೋನೆಯ ಸಂಗಾತಿ. ಅವನಿಗೆ 25.

ಇದು ತಿಳಿದ ಮೇಲೆ ನನಗೆ ಆ ಚಿತ್ರವನ್ನು ಮೊದಲಿನ ಹಾಗೆ ನೋಡಲು ಆಗಿಲ್ಲ.

ಊರಿಗೆ ಬಂದ ಮೇಲೆ ಒಂದು ಭಾನುವಾರ ನಾನೂ ಪ್ರಯತ್ನ ಮಾಡಿದೆ. ಜಲವರ್ಣದಲ್ಲಿ ಕೈ ಆಡಿಸುವ ಅಭ್ಯಾಸ ನನಗಿದೆ. ಮೈಸೂರಿನ ಮನೆಯ ಹಿತ್ತಲಲ್ಲಿ ಒಂದು ಹೊಂಗೆ ಮರ ಇದೆ. ತಂಗಿಗೆ ಅಮ್ಮನ ಬಿಳಿ ಹತ್ತಿ ಸೀರೆ ಉಡಿಸಿ, ಅದರ ಕೆಳಗೆ ಕೂರಿಸಿದೆ. ಸೆರಗಿನ ಮೇಲೆ ಬಿಸಿಲಿನ ಚುಕ್ಕೆಗಳು ಬಿದ್ದಿದ್ದವು. ಎಲೆಗಳ ನಡುವಿನ ಬಿಡುವಿನಲ್ಲಿ ತೂರಿ ಬರುವ ಈ ಚುಕ್ಕೆಗಳು ದುಂಡಗೆ ಯಾಕಿರುತ್ತವೆ ಅಂತ ಚಿಕ್ಕವಳಿದ್ದಾಗ ಅಚ್ಚರಿಪಡುತ್ತಿದ್ದೆ. ಎಲೆಗಳ ಸಂದು ದುಂಡಗಿರುವುದಿಲ್ಲ, ಆದರೂ ಚುಕ್ಕೆ ದುಂಡಗೆ. ಅವು ಒಂದೊಂದೂ ಸೂರ್ಯನ ಪುಟ್ಟ ಬಿಂಬ. ಗ್ರಹಣದ ದಿನ ನೋಡಿದರೆ ಎಲ್ಲವೂ ಕುಡುಗೋಲಿನ ಹಾಗೆ ಬಾಗಿರುತ್ತವೆ.

ಬ್ರಶ್ ನೆನೆಸಿ, ಸೀರೆಯ ನೆರಳಿಗೆ ಸರಿಯಾದ ಬಣ್ಣ ಕಲಸುವಷ್ಟರಲ್ಲಿ ಚುಕ್ಕೆಗಳು ಮಂಡಿಯಿಂದ ನೆಲಕ್ಕೆ ಇಳಿದಿದ್ದವು. ಭುಜದ ಮೇಲಿದ್ದ ಬೆಳಕು ಮಾಯ. “ಇನ್ನು ಐದೇ ನಿಮಿಷ ಕಣೇ” ಅಂದೆ. “ಅಕ್ಕಾ, ಆ ಐದು ನಿಮಿಷ ಆಗಲೇ ಮೂರು ಸಲ ಆಯ್ತು” ಅಂದಳು. ಕೈ ಎತ್ತಿ ಹಿಡಿದುಕೊಂಡಿದ್ದಳು, ಅದು ಮೆಲ್ಲಗೆ ನಡುಗುತ್ತಿತ್ತು. ಎದ್ದಾಗ ಕಾಲು ಜೋಮು ಹಿಡಿದು ಮರವನ್ನು ಹಿಡಿದುಕೊಂಡೇ ನಿಂತಳು. ಅಷ್ಟಕ್ಕೆ ಒಟ್ಟು ಅರ್ಧ ಗಂಟೆಯೂ ಆಗಿರಲಿಲ್ಲ.

ಕಮೀಲ್ ಒಂದು ಬೇಸಿಗೆ ಪೂರ್ತಿ ಇದನ್ನು ಮಾಡಿದಳು.

ಆ ತೋಟ ಇದ್ದದ್ದು ಪ್ಯಾರಿಸ್ಸಿನ ಹೊರಗೆ, ವೀಲ್ ದಾವ್ರೆ ಎಂಬ ಕಡೆ. ಮೋನೆ ಅಲ್ಲಿ ಬಾಡಿಗೆಗೆ ಒಂದು ಮನೆ ಹಿಡಿದಿದ್ದ. ಸಾಲ ಕೊಟ್ಟವರ ಕಾಟ ಜೋರಾಗಿತ್ತು. ಅದಕ್ಕೂ ಮುಂಚೆ, 1865ರಲ್ಲಿ, ಅವನು ಇನ್ನೂ ದೊಡ್ಡದೊಂದು ಚಿತ್ರಕ್ಕೆ ಕೈ ಹಾಕಿದ್ದ. ಕಾಡಿನಲ್ಲಿ ಹನ್ನೆರಡು ಜನ ಹುಲ್ಲಿನ ಮೇಲೆ ಊಟಕ್ಕೆ ಸೇರಿದ ದೃಶ್ಯ. ನಾಲ್ಕು ಮೀಟರ್‌ಗಿಂತ ಎತ್ತರ, ಆರು ಮೀಟರ್‌ ಅಗಲ. ಅದಕ್ಕೂ ಕಮೀಲ್ ನಿಂತಿದ್ದಳು. ಸ್ನೇಹಿತ ಫ್ರೆಡೆರಿಕ್ ಬಾಜೀಲ್ ಅದರ ಹಲವು ಗಂಡಸರಿಗೆ ತಾನೊಬ್ಬನೇ ನಿಂತಿದ್ದ. ಆ ಚಿತ್ರ ಮುಗಿಯಲಿಲ್ಲ. ಮುಂದೆ ಅದನ್ನು ಬಾಡಿಗೆ ಬಾಕಿಗಾಗಿ ಮನೆ ಮಾಲೀಕನ ಬಳಿ ಅಡವು ಇಡಬೇಕಾಯಿತು. ವರ್ಷಗಳಾದ ಮೇಲೆ, 1884ರಲ್ಲಿ, ಬಿಡಿಸಿಕೊಂಡು ಬಂದಾಗ ಅದಕ್ಕೆ ಬೂಷ್ಟು ಹಿಡಿದಿತ್ತು. ಮೋನೆ ಅದನ್ನು ಕತ್ತರಿಸಿ, ಉಳಿಯುವಂಥ ತುಂಡುಗಳನ್ನು ಇಟ್ಟುಕೊಂಡ. ಎರಡು ತುಂಡುಗಳು ಈಗ ಒರ್ಸೆಯಲ್ಲೇ ಇವೆ.

ಆ ಸೋಲು ಅವನಿಗೆ ಒಂದು ಪಾಠ ಕಲಿಸಿತ್ತು ಅನ್ನಿಸುತ್ತದೆ. ಹೊರಗೆ ಸಣ್ಣ ಸಣ್ಣ ಅಧ್ಯಯನ ಮಾಡಿಕೊಂಡು, ಒಳಗೆ ಸ್ಟುಡಿಯೋದಲ್ಲಿ ದೊಡ್ಡದಾಗಿ ಬರೆಯುವುದು ಆಗಿನವರ ಪದ್ಧತಿ. ಆದರೆ ಒಳಗೆ ಬಂದ ಕೂಡಲೇ ಬಿಸಿಲು ಬರೀ ನೆನಪಾಗಿಬಿಡುತ್ತದೆ. ನೆನಪಿನ ಬಿಸಿಲು ಹಳದಿ, ನೆನಪಿನ ನೆರಳು ಕಪ್ಪು. ನಿಜವಾದದ್ದು ಹಾಗಿರುವುದಿಲ್ಲ. ಹೀಗಾಗಿ ಈ ಸಲ ದೊಡ್ಡ ಕ್ಯಾನ್ವಾಸನ್ನೇ ತೋಟಕ್ಕೆ ತಂದು ನಿಲ್ಲಿಸಿದ.

ಈಗ ಬಂತು ತೊಂದರೆ. ಎರಡೂವರೆ ಮೀಟರ್ ಎತ್ತರದ ಕ್ಯಾನ್ವಾಸಿನ ಮೇಲ್ಭಾಗ ಬರೆಯುವುದು ಹೇಗೆ? ಏಣಿ ಹತ್ತಬಹುದು. ಆದರೆ ಏಣಿ ಹತ್ತಿದರೆ ಕಣ್ಣು ಮೇಲೆ ಹೋಗುತ್ತದೆ. ಕಣ್ಣು ಮೇಲೆ ಹೋದರೆ ದೃಶ್ಯವೇ ಬದಲಾಗುತ್ತದೆ. ದಾರಿ ಅಗಲವಾಗಿ ಕಾಣುತ್ತದೆ, ಕೂತವಳ ತಲೆ ಕೆಳಗಿಳಿಯುತ್ತದೆ. ಅದಕ್ಕೆ ಮೋನೆ ತೋಟದಲ್ಲಿ ಉದ್ದನೆಯ ಗುಂಡಿ ತೋಡಿಸಿದ. ಬಾವಿಗೆ ಹಾಕುವಂಥ ರಾಟೆ ಕಟ್ಟಿ, ಕ್ಯಾನ್ವಾಸನ್ನು ಆ ಗುಂಡಿಯೊಳಗೆ ಇಳಿಸಿದ. ಮೇಲ್ಭಾಗ ಬರೆಯಬೇಕಾದಾಗ ಚಿತ್ರ ನೆಲದೊಳಗೆ ಇಳಿಯುತ್ತಿತ್ತು. ಅವನು ಮಾತ್ರ ಅದೇ ಜಾಗದಲ್ಲಿ, ಅದೇ ಎತ್ತರದಲ್ಲಿ ನಿಂತಿರುತ್ತಿದ್ದ.

ಬಾವಿ ಸೇದಿದವರಿಗೆ ಇದರ ಶ್ರಮ ಗೊತ್ತಿರುತ್ತದೆ. ಒಂದು ಸಲ ಇಳಿಸಿ ಏರಿಸಿದರೆ ಆಗಲಿಲ್ಲ. ದಿನವೂ ಇಳಿಸಬೇಕು, ಏರಿಸಬೇಕು, ಹಸಿ ಬಣ್ಣಕ್ಕೆ ಏನೂ ತಾಗದ ಹಾಗೆ.

ಹಿರಿಯ ಚಿತ್ರಕಾರ ಗುಸ್ತಾವ್ ಕೂರ್ಬೆ ಒಮ್ಮೆ ನೋಡಲು ಬಂದಿದ್ದನಂತೆ. ಮೋನೆ ಬ್ರಶ್ ಕೆಳಗಿಟ್ಟು ಸುಮ್ನೆ ನಿಂತಿದ್ದ. ಯಾಕೆ ಬರೆಯುತ್ತಿಲ್ಲ ಎಂದು ಕೂರ್ಬೆ ಕೇಳಿದ. ಸೂರ್ಯ ಮೋಡದ ಹಿಂದೆ ಹೋಗಿದ್ದಾನೆ, ಬರಲಿ ಅಂತ ಕಾಯುತ್ತಿದ್ದೇನೆ ಎಂದ ಮೋನೆ. ಅಲ್ಲಿಯವರೆಗೆ ಗಿಡಮರ ಬರೆದುಕೊಳ್ಳಬಹುದಲ್ಲ ಎಂದ ಕೂರ್ಬೆ. ಮೋನೆ ಒಪ್ಪಲಿಲ್ಲ. ಮೋಡದ ಬೆಳಕಿನಲ್ಲಿ ಬರೆದ ಎಲೆ, ಬಿಸಿಲಿನಲ್ಲಿ ಬರೆದ ಲಂಗದ ಪಕ್ಕದಲ್ಲಿ ಸುಳ್ಳಾಗುತ್ತದೆ. ಎಲ್ಲವೂ ಒಂದೇ ಗಳಿಗೆಯದಾಗಿರಬೇಕು ಅನ್ನೋದು ಅವನ ಹಟ. ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಮೋನೆಯ ಹಟದ ಬಗ್ಗೆ ಮಾತಾಡುತ್ತಾರೆ. ನನಗೆ ಈಗ ಬೇರೆಯೇ ಪ್ರಶ್ನೆ ಬರುತ್ತದೆ. ಮೋಡ ಸರಿಯುವವರೆಗೆ ಕಮೀಲ್ ಏನು ಮಾಡುತ್ತಿದ್ದಳು? ಲಂಗದ ನಿರಿಗೆಗಳು ಕೆಡದ ಹಾಗೆ ಹುಲ್ಲಿನ ಮೇಲೆ ಹಾಗೇ ಕೂತಿದ್ದಳಾ? ಆ ಕೊಡೆಯನ್ನು ಸ್ವಲ್ಪ ಹೊತ್ತಾದರೂ ಕೆಳಗಿಟ್ಟಳಾ?

ಹಾಗೆ ಕಾದದ್ದಕ್ಕೆ ಸಿಕ್ಕ ಫಲ ಏನು ಅಂತ ನೋಡಬೇಕಾದರೆ ಕೂತವಳ ಮುಖ ನೋಡಬೇಕು. ಅವಳ ಮುಖದ ಮೇಲೆ ನೇರ ಬಿಸಿಲಿಲ್ಲ. ಕೊಡೆ ಅಡ್ಡ ಇದೆ. ಆದರೂ ಮುಖ ಕತ್ತಲಾಗಿಲ್ಲ. ಬಿಳಿ ಬಟ್ಟೆಗೆ ಬಿದ್ದ ಬೆಳಕು ಚಿಮ್ಮಿ ಗಲ್ಲಕ್ಕೆ ತಾಗಿದೆ. ನೆರಳಲ್ಲೂ ಒಂದು ಬೆಳಕಿದೆ. ನಮ್ಮ ಹಬ್ಬದ ಫೋಟೋಗಳಲ್ಲಿ ಬಿಳಿ ಪಂಚೆ ಉಟ್ಟು ಜಗಲಿಯಲ್ಲಿ ಕೂತ ಅಜ್ಜಂದಿರ ಮುಖಕ್ಕೆ ಇಂಥದೇ ಬೆಳಕು ಬಿದ್ದಿರುತ್ತದೆ. ನಾವು ಗಮನಿಸಿರುವುದಿಲ್ಲ ಅಷ್ಟೇ.

ದಾರಿಯ ಮೇಲಿನ ನೆರಳು ಕೂಡ ಕಪ್ಪಲ್ಲ. ನೇರಳೆ ಛಾಯೆಯ ಬೂದು. ಇದಕ್ಕೆ ಕಾರಣ ಇದೆ. ಸೂರ್ಯ ಮರೆಯಾದ ಜಾಗಕ್ಕೂ ಆಕಾಶ ಕಾಣುತ್ತಿರುತ್ತದೆ. ಆ ನೀಲಿ ಬೆಳಕು ನೆರಳಿನ ಮೇಲೆ ಬೀಳುತ್ತಲೇ ಇರುತ್ತದೆ. ಜೊತೆಗೆ ಕಣ್ಣಿನ ಒಂದು ಗುಣವೂ ಸೇರಿಕೊಳ್ಳುತ್ತದೆ. ಹಳದಿಯ ಪಕ್ಕದಲ್ಲಿದ್ದ ಬೂದು ನಮಗೆ ನೇರಳೆಯಾಗಿ ಕಾಣುತ್ತದೆ. ಮಿಶೆಲ್ ಶೆವ್ರುಲ್ ಎಂಬ ರಸಾಯನ ವಿಜ್ಞಾನಿ ಇದನ್ನು 1839ರಲ್ಲೇ ಪುಸ್ತಕ ಮಾಡಿ ವಿವರಿಸಿದ್ದ. ಅವನು ಪ್ಯಾರಿಸ್ಸಿನ ಗೊಬ್ಲಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗ ನೋಡಿಕೊಳ್ಳುತ್ತಿದ್ದ. ಕೆಲವು ಬಣ್ಣಗಳು ಮಂಕಾಗಿ ಕಾಣುತ್ತವೆ ಎಂಬ ದೂರು ಬಂದಿತ್ತು. ತಪ್ಪು ಬಣ್ಣದ್ದಲ್ಲ, ಪಕ್ಕದಲ್ಲಿರುವ ನೂಲಿನದ್ದು ಎಂದು ಅವನು ಕಂಡುಕೊಂಡ. ಒಳ್ಳೆಯ ಸೀರೆ ಅಂಗಡಿಯವರಿಗೆ ಇದು ಪುಸ್ತಕ ಓದದೇ ಗೊತ್ತಿರುತ್ತದೆ. ಸೀರೆಯನ್ನು ಯಾವ ಬಣ್ಣದ ಮುಂದೆ ಬಿಡಿಸಿ ತೋರಿಸಬೇಕು ಅಂತ ಅವರು ನೋಡಿಯೇ ಬಿಡಿಸುತ್ತಾರೆ.

ಹೊರಗೆ ಕೂತು ಬರೆಯಲು ಸಾಧ್ಯವಾದದ್ದಕ್ಕೆ ಒಂದು ಪುಟ್ಟ ವಸ್ತುವೂ ಕಾರಣ. ತವರದ ಟ್ಯೂಬು. ಅಮೆರಿಕದ ಜಾನ್ ಗಾಫ್ ರ್‍ಯಾಂಡ್ 1841ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಅದಕ್ಕೂ ಮುಂಚೆ ಅರೆದ ಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿಡುತ್ತಿದ್ದರು. ಚುಚ್ಚಿ ತೆಗೆದರೆ ಮತ್ತೆ ಮುಚ್ಚುವುದು ಕಷ್ಟ. ಟ್ಯೂಬು ಬಂದ ಮೇಲೆ ಬಣ್ಣ ಜೇಬಿಗೆ ಬಂತು, ರೈಲು ಹತ್ತಿತು, ತೋಟಕ್ಕೆ ಬಂತು. ತೋಟಕ್ಕೆ ಬಂದ ಜನರೂ ರೈಲಿನಲ್ಲೇ ಬಂದವರು. ಪ್ಯಾರಿಸ್ಸಿನ ಸುತ್ತಲಿನ ಹಳ್ಳಿಗಳಿಗೆ ಭಾನುವಾರ ಹೋಗಿ ಬರುವ ಅಭ್ಯಾಸ ಆಗಷ್ಟೇ ಬೆಳೆಯುತ್ತಿತ್ತು. ದುಡಿಮೆ ಇರುವ ಊರಿಗೇ ರಜೆ ಬೇಕಾಗುವುದು. ಹೀಗೆ ತೋಟದಲ್ಲಿ ಸುಮ್ನೆ ಇರುವುದು ಆಗ ಹೊಸ ವಿಷಯ. ಅದನ್ನು ಚಿತ್ರಿಸುವುದೂ ಹೊಸ ವಿಷಯ.

ಚಳಿಗಾಲಕ್ಕೆ ಮೋನೆ ಸಮುದ್ರದ ಕಡೆಗೆ, ಓನ್‌ಫ್ಲೋರ್ ಊರಿಗೆ ಹೋದ. ಚಿತ್ರವನ್ನು ಅಲ್ಲಿ ಒಳಗೆ ಕೂತು ಮುಗಿಸಿದ. ಪೂರ್ತಿ ಹೊರಗೇ ಬರೆಯುವ ಹಟ ಕೊನೆಯವರೆಗೆ ನಡೆಯಲಿಲ್ಲ. ಅದರಿಂದ ನನಗೆ ಚಿತ್ರದ ಮೇಲಿನ ಪ್ರೀತಿ ಏನೂ ಕಡಿಮೆಯಾಗಿಲ್ಲ. ಬೇಸಿಗೆ ಮುಗಿದರೆ ಯಾರು ತಾನೇ ಏನು ಮಾಡಲು ಸಾಧ್ಯ?

1867ರ ಸಲೋನ್‌ಗೆ ಚಿತ್ರ ಕಳಿಸಿದ. ಸಲೋನ್ ಅಂದರೆ ಸರ್ಕಾರ ನಡೆಸುತ್ತಿದ್ದ ದೊಡ್ಡ ಪ್ರದರ್ಶನ. ಅಲ್ಲಿ ಗೋಡೆಗೆ ಏರಿದರೆ ಕೊಳ್ಳುವವರು ಸಿಗುತ್ತಾರೆ, ಇಲ್ಲದಿದ್ದರೆ ಇಲ್ಲ. ಹಿಂದಿನ ವರ್ಷ ಹಸಿರು ಉಡುಪಿನ ಕಮೀಲ್‌ಳ ಚಿತ್ರ ಅಲ್ಲಿ ಹೆಸರು ಮಾಡಿತ್ತು. ಈ ಸಲ ತೀರ್ಪುಗಾರರು ಬೇಡ ಎಂದರು. ಅವರ ಸಿಟ್ಟಿಗೆ ಎರಡು ಕಾರಣ. ಒಂದು, ಬ್ರಶ್ಶಿನ ಹೊಡೆತಗಳು ಹಾಗೆ ಹಾಗೇ ಕಾಣುತ್ತವೆ, ಮುಗಿಸದೇ ಬಿಟ್ಟಂತಿದೆ ಎಂಬುದು. ಇನ್ನೊಂದು, ಚಿತ್ರದಲ್ಲಿ ಕಥೆ ಇಲ್ಲ ಎಂಬುದು.

ಈ ಎರಡನೆಯದು ನನ್ನನ್ನು ಜಾಸ್ತಿ ಕಾಡುತ್ತದೆ. ಅಷ್ಟು ದೊಡ್ಡ ಕ್ಯಾನ್ವಾಸ್ ಆಗ ಮೀಸಲಾಗಿದ್ದದ್ದು ರಾಜರಿಗೆ, ಯುದ್ಧಗಳಿಗೆ, ದೇವದೇವತೆಗಳಿಗೆ. ಅಂಥ ಜಾಗದಲ್ಲಿ ಹೂವು ಮೂಸುವ ಹೆಂಗಸರನ್ನು ತಂದು ಕೂರಿಸಿದರೆ? ಯಾರ ಮದುವೆಯೂ ಅಲ್ಲ, ಯಾರ ಸಾವೂ ಅಲ್ಲ. ಅವರಿಗೆ ಒಂದು ಹೆಸರೂ ಇಲ್ಲ. ಒಂದು ಮಧ್ಯಾಹ್ನಕ್ಕೆ ರಾಜನಷ್ಟೇ ಎತ್ತರ ಕೊಟ್ಟದ್ದು ತೀರ್ಪುಗಾರರಿಗೆ ಹಿಡಿಸಲಿಲ್ಲ. ಇಂಥ ದಾರಿ ಹಿಡಿದ ಹುಡುಗರಿಂದ ಕಲೆಯನ್ನು ಉಳಿಸಬೇಕು ಎಂಬರ್ಥದ ಮಾತನ್ನು ತೀರ್ಪುಗಾರರಲ್ಲಿ ಒಬ್ಬರು ಆಡಿದ್ದರು. ಸಾಹಿತಿ ಎಮಿಲ್ ಜೋಲಾ ಮಾತ್ರ ಈ ಚಿತ್ರದ ಪರ ಬರೆದ. ಬಟ್ಟೆಯನ್ನು ಬಿಸಿಲು ನೆರಳು ಹೀಗೆ ಎರಡು ಹೋಳು ಮಾಡುವುದನ್ನು ಬರೆಯಲು ತನ್ನ ಕಾಲದ ಮೇಲೆ ಬಹಳ ಪ್ರೀತಿ ಇರಬೇಕು ಅನ್ನುವುದು ಅವನ ಮಾತಿನ ಸಾರ. ಮೋನೆ ಮತ್ತು ಅವನ ಸಂಗಡಿಗ ಚಿತ್ರಕಾರರಿಗೆ ‘ಇಂಪ್ರೆಷನಿಸ್ಟ್’ ಅನ್ನೋ ಹೆಸರು ಹುಟ್ಟಲು ಇನ್ನೂ ಏಳು ವರ್ಷ ಇತ್ತು. ಆದರೆ ಆ ಹೆಸರಿನೊಳಗೆ ಇರಬೇಕಾದದ್ದೆಲ್ಲ ಈ ಲಂಗದ ಮೇಲೆ ಆಗಲೇ ಇದೆ.

ಚಿತ್ರವನ್ನು ಕೊಂಡವನು ಬಾಜೀಲ್. ಅದೇ, ಹಲವು ಗಂಡಸರಾಗಿ ನಿಂತಿದ್ದ ಸ್ನೇಹಿತ. ಅವನೂ ಚಿತ್ರಕಾರ. ಮೋನೆಗಿಂತ ಒಂದು ವರ್ಷ ಚಿಕ್ಕವನು, ಮೋಂಪೆಲಿಯೆಯ ಅನುಕೂಲಸ್ಥ ಮನೆಯ ಹುಡುಗ. ಹಾಗಂತ ಕೈತುಂಬ ದುಡ್ಡೇನೂ ಇರಲಿಲ್ಲ, ಮನೆಯಿಂದ ಬರುವ ಹಣದಲ್ಲೇ ಇರಬೇಕಿತ್ತು. 2500 ಫ್ರಾಂಕ್‌ಗೆ ಕೊಳ್ಳುತ್ತೇನೆ, ತಿಂಗಳಿಗೆ 50ರಂತೆ ಕಂತಿನಲ್ಲಿ ಕೊಡುತ್ತೇನೆ ಎಂದು ಒಪ್ಪಿಕೊಂಡ. ಸ್ನೇಹಿತನಿಗೆ ಸುಮ್ನೆ ದುಡ್ಡು ಕೊಟ್ಟರೆ ಅದು ಸಾಲ ಆಗುತ್ತದೆ, ಇಲ್ಲವೇ ದಾನ ಆಗುತ್ತದೆ. ಚಿತ್ರ ಕೊಂಡರೆ ಸಂಪಾದನೆ ಆಗುತ್ತದೆ. ಈ ಸೂಕ್ಷ್ಮ ತಿಳಿದ ಮನುಷ್ಯ.

ನಾನು ಒಂದು ಲೆಕ್ಕ ಹಾಕಿ ನೋಡಿದೆ. ತಿಂಗಳಿಗೆ 50ರಂತೆ 2500 ಮುಗಿಯಲು 50 ತಿಂಗಳು ಬೇಕು. 1867ರಲ್ಲಿ ಶುರುವಾದರೆ 1871ಕ್ಕೆ ಮುಗಿಯಬೇಕು. ಬಾಜೀಲ್‌ಗೆ ಅಷ್ಟು ತಿಂಗಳು ಸಿಗಲಿಲ್ಲ. ಫ್ರಾನ್ಸ್ ಮತ್ತು ಪ್ರಷ್ಯಾ ನಡುವಿನ ಯುದ್ಧಕ್ಕೆ ಸೇರಿ, 1870ರ ನವೆಂಬರ್ 28ರಂದು ಬೋನ್ ಲ ರೋಲಾಂದ್‌ನಲ್ಲಿ ಗುಂಡೇಟಿಗೆ ಸತ್ತ. 28 ವರ್ಷ. ಮಗನ ಹೆಣ ತರಲು ಅಪ್ಪನೇ ಯುದ್ಧಭೂಮಿಗೆ ಹೋಗಿದ್ದರು.

ಚಿತ್ರ ಆ ಅಪ್ಪನ ಮನೆಯಲ್ಲಿ ಉಳಿಯಿತು. ಮುಂದೆ, 1876ರಲ್ಲಿ, ಅವರು ಒಂದು ಪ್ರದರ್ಶನದಲ್ಲಿ ತಮ್ಮ ಮಗನ ಭಾವಚಿತ್ರ ನೋಡಿದರು. ಚಿತ್ರಕಾರ ಸ್ನೇಹಿತ ರೆನ್ವಾರ್ ಬರೆದದ್ದು, ಈಸೆಲ್ ಮುಂದೆ ಕೂತು ಬರೆಯುತ್ತಿರುವ ಬಾಜೀಲ್. ಅದು ಇನ್ನೊಬ್ಬ ಚಿತ್ರಕಾರ ಎದುವಾರ್ ಮಾನೆಯ ಬಳಿ ಇತ್ತು. ಮೋನೆ ಬೇರೆ, ಈ ಮಾನೆ ಬೇರೆ. ಮಗನ ಮುಖವನ್ನು ಪಡೆದು, ಅದಕ್ಕೆ ಬದಲಾಗಿ ‘ತೋಟದಲ್ಲಿ ಹೆಂಗಸರು’ ಚಿತ್ರವನ್ನು ಮಾನೆಗೆ ಕೊಟ್ಟರು. ಮಾನೆಯಿಂದ ಅದು ಕೊನೆಗೆ ಮೋನೆಗೇ ವಾಪಸ್ ಬಂತು. ಬದುಕಿನ ಬಹುಕಾಲ ಅವನ ಹತ್ತಿರವೇ ಇತ್ತು. 1921ರಲ್ಲಿ, ನೈದಿಲೆಗಳ ದೊಡ್ಡ ಚಿತ್ರಗಳನ್ನು ದೇಶಕ್ಕೆ ಕೊಡುವ ಮಾತುಕತೆಯ ಹೊತ್ತಿಗೆ, ಇದನ್ನು ಸರ್ಕಾರ ಕೊಳ್ಳಬೇಕೆಂದು ಅವನು ಪಟ್ಟು ಹಿಡಿದ. ಸರ್ಕಾರ ಎರಡು ಲಕ್ಷ ಫ್ರಾಂಕ್ ಕೊಟ್ಟು ಕೊಂಡಿತು. ಬೇಡ ಎಂದು ವಾಪಸ್ ಕಳಿಸಿ 54 ವರ್ಷ ಆಗಿತ್ತು. ಮೋನೆಗೆ 80 ಆಗಿತ್ತು. ಬಾಜೀಲ್ ಇರಲಿಲ್ಲ. ಕಮೀಲ್ ಕೂಡ ಇರಲಿಲ್ಲ.

ಚಿತ್ರ ಸಲೋನ್‌ನಿಂದ ತಿರಸ್ಕೃತವಾದ ವರ್ಷ ಕಮೀಲ್ ಬಸುರಿ. ಮೋನೆಯ ಅಪ್ಪನಿಗೆ ಈ ಸಂಬಂಧ ಇಷ್ಟವಿರಲಿಲ್ಲ. ಕೈಯಲ್ಲಿ ಕಾಸಿಲ್ಲದ ಮೋನೆ ಆ ಬೇಸಿಗೆ ತಾನು ಅಪ್ಪನ ಕಡೆಯವರ ಜೊತೆ ಸೇಂತ್ ಅದ್ರೆಸ್‌ನ ಸಮುದ್ರದ ದಡಕ್ಕೆ ಹೋದ. ಕಮೀಲ್ ಪ್ಯಾರಿಸ್ಸಿನಲ್ಲೇ ಉಳಿದಳು. ಆಗಸ್ಟ್ 8ಕ್ಕೆ ಮಗ ಜಾನ್ ಹುಟ್ಟಿದ. ಅವಳಿಗಾಗಿ ಹಣ ಕಳಿಸು ಎಂದು ಮೋನೆ ಬಾಜೀಲ್‌ಗೆ ಮತ್ತೆ ಮತ್ತೆ ಕಾಗದ ಬರೆದ.

ಅದೇ ಬೇಸಿಗೆಯಲ್ಲಿ ಅವನು ಇನ್ನೊಂದು ತೋಟದ ಚಿತ್ರ ಬರೆದ. ಈಗ ಅದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಸಮುದ್ರಕ್ಕೆ ಮುಖ ಮಾಡಿದ ತೋಟ, ಗಾಳಿಗೆ ಪಟಪಟ ಹಾರುವ ಎರಡು ಬಾವುಟ, ಕೆಂಪು ಹೂಗಳು, ಕುರ್ಚಿಯಲ್ಲಿ ನೆಮ್ಮದಿಯಾಗಿ ಕೂತ ಅಪ್ಪ. ಎಷ್ಟು ಚೆಂದದ ಚಿತ್ರ! ಆದರೆ ನನಗೆ ಅದನ್ನು ನೋಡಿದಾಗಲೆಲ್ಲ ಆ ತೋಟದಲ್ಲಿ ಜಾಗ ಸಿಗದವಳು ನೆನಪಾಗುತ್ತಾಳೆ. ಒಂದು ವರ್ಷದ ಹಿಂದೆ ಒಂದು ತೋಟವನ್ನು ಒಬ್ಬಳೇ ಮೂವರಾಗಿ ತುಂಬಿದವಳು, ಈ ತೋಟದಲ್ಲಿ ಎಲ್ಲೂ ಇಲ್ಲ. ಇದನ್ನು ಹೇಳುವಾಗ ನನಗೆ ಮೋನೆಯ ಮೇಲೆ ಕೋಪ ಬರುತ್ತದೆ. ಆ ಕೆಂಪು ಹೂವಿನ ಮೇಲಿನ ಬಿಸಿಲು ನೋಡಿದರೆ ಆ ಕೋಪ ಉಳಿಯುವುದೂ ಇಲ್ಲ. ಎರಡೂ ನಿಜ.

ಮುಂದೆ ಅವರಿಗೂ ಒಂದು ಒಳ್ಳೆಯ ಕಾಲ ಬಂತು. 1870ರ ಜೂನ್‌ನಲ್ಲಿ ಮದುವೆಯಾದರು. 1871ರ ಕೊನೆಗೆ ಸೀನ್ ನದಿಯ ದಡದ ಆರ್ಜಾಂತೈ ಊರಿನಲ್ಲಿ ಮನೆ ಮಾಡಿದರು. ಮನೆಗೊಂದು ತೋಟ. ಅಲ್ಲಿ ಮೋನೆ 1873ರ ಸುಮಾರಿಗೆ ಬರೆದ ‘ಊಟ’ ಎಂಬ ಚಿತ್ರವೂ ಒರ್ಸೆಯಲ್ಲಿದೆ. ಊಟ ಮುಗಿದಿದೆ. ಮೇಜಿನ ಮೇಲೆ ಹಣ್ಣು, ಪಾತ್ರೆ, ಇನ್ನೂ ಎತ್ತದ ಲೋಟಗಳು. ಬೆಂಚಿನ ಮೇಲೆ ಯಾರೋ ಮರೆತ ಕೊಡೆ ಮತ್ತು ಚೀಲ. ಕೊಂಬೆಗೆ ನೇತುಹಾಕಿದ ಹ್ಯಾಟು. ಮೇಜಿನ ಪಕ್ಕ, ನೆರಳಲ್ಲಿ, ಪುಟ್ಟ ಜಾನ್ ತನ್ನಷ್ಟಕ್ಕೆ ಆಡುತ್ತಿದ್ದಾನೆ. ಹೆಂಗಸರು ದೂರದಲ್ಲಿ, ಗಿಡಗಳ ಹಿಂದೆ. ಈ ಚಿತ್ರದಲ್ಲಿ ಯಾರೂ ಯಾರಿಗಾಗಿಯೂ ಕದಲದೆ ನಿಂತ ಹಾಗೆ ಕಾಣುವುದಿಲ್ಲ. ಎದ್ದು ಹೋಗಿದ್ದಾರೆ. ನೆಂಟರೆಲ್ಲ ಉಂಡು ಎದ್ದ ಮೇಲೆ ಮನೆಯಲ್ಲಿ ಒಂದು ಸದ್ದಿಲ್ಲದ ಹೊತ್ತು ಬರುತ್ತದಲ್ಲ, ಅದು ಇಲ್ಲಿದೆ. ನಿಜವಾದ ಬಿಡುವು ಇದೇ ಅಂತ ನನಗೆ ಅನ್ನಿಸಿದ್ದು ಇಲ್ಲಿ. ಕಮೀಲ್‌ಗೆ ಸಿಕ್ಕಿದ್ದೂ ಇಂಥ ಕೆಲವು ವರ್ಷಗಳು ಮಾತ್ರ.

1878ರಲ್ಲಿ ಎರಡನೆಯ ಮಗ ಮಿಶೆಲ್ ಹುಟ್ಟಿದ. ಅವಳ ಆರೋಗ್ಯ ಆಗಲೇ ಕೆಟ್ಟಿತ್ತು. 1879ರ ಸೆಪ್ಟೆಂಬರ್ 5ರಂದು ವೇತೈ ಎಂಬ ಹಳ್ಳಿಯಲ್ಲಿ ತೀರಿಕೊಂಡಳು. 32 ವರ್ಷ.

ಮೋನೆ ಅವಳ ಹಾಸಿಗೆಯ ಪಕ್ಕ ಕೂತು ಕೊನೆಯ ಸಲ ಅವಳನ್ನು ಬರೆದ. ಆ ಚಿತ್ರವೂ ಒರ್ಸೆಯಲ್ಲೇ ಇದೆ. ಬಿಳಿ ಬಟ್ಟೆ, ಬಿಳಿ ದಿಂಬು, ಅದರ ನಡುವೆ ಮುಖ ಮುಳುಗುತ್ತಿರುವ ಹಾಗಿದೆ. ನೀಲಿ, ಬೂದು, ನೇರಳೆ. ತೋಟದಲ್ಲಿ ಲಂಗದ ನೆರಳಿಗೆ ಹಾಕಿದ್ದ ಅದೇ ಬಣ್ಣಗಳು. ವರ್ಷಗಳ ನಂತರ ಸ್ನೇಹಿತ ಕ್ಲೆಮಾನ್ಸೋ ಬಳಿ ಮೋನೆ ಇದನ್ನು ಹೇಳಿಕೊಂಡಿದ್ದಾನೆ. ತನಗೆ ಪ್ರಿಯಳಾಗಿದ್ದವಳ ಮುಖದ ಮೇಲೆ ಸಾವು ತರುತ್ತಿದ್ದ ನೀಲಿ, ಹಳದಿ, ಬೂದು ಬಣ್ಣಗಳನ್ನು ತನ್ನ ಕಣ್ಣು ತನಗೆ ಅರಿವಿಲ್ಲದೆಯೇ ಗುರುತಿಸುತ್ತಿತ್ತು ಎಂದು. ಹಾಗೆ ನೋಡುತ್ತಿರುವುದು ಗೊತ್ತಾದಾಗ ಅವನಿಗೇ ದಿಗಿಲಾಗಿತ್ತು.

ನಾನು ಆ ಚಿತ್ರದ ಮುಂದೆ ಜಾಸ್ತಿ ಹೊತ್ತು ನಿಲ್ಲಲಿಲ್ಲ. ನಿಲ್ಲಲಾಗಲಿಲ್ಲ. ಮತ್ತೆ ತೋಟದ ಚಿತ್ರದ ಹತ್ತಿರ ಹೋದೆ. ಕೂತವಳ ಮುಖ ನೋಡಿದೆ. ಮೂವರಿಗೂ ಒಬ್ಬಳೇ ನಿಂತದ್ದರಿಂದಲೋ ಏನೋ, ಯಾವ ಮುಖವನ್ನೂ ಮೋನೆ ಸ್ಪಷ್ಟ ಮಾಡಿಲ್ಲ. ಒಂದು ಮುಖಕ್ಕೆ ಹೂವು ಅಡ್ಡ ಇದೆ. ಇವಳದು ಕೆಳಗೆ ಬಾಗಿದೆ. ಅವಳನ್ನು ಅವನು ಎಷ್ಟೊಂದು ಸಲ ಬರೆದ. ಅವಳು ನಿಂತಾಗ, ಕೂತಾಗ, ಕಾದಾಗ ಏನು ಯೋಚಿಸಿದಳು ಎಂಬುದು ಆ ಯಾವ ಚಿತ್ರದಲ್ಲೂ ಇಲ್ಲ.

ಆ ಭಾನುವಾರದ ನನ್ನ ಜಲವರ್ಣ ಮುಗಿಯಲಿಲ್ಲ. ಸೀರೆಯ ನೆರಳಿನ ಒಂದು ಮೂಲೆ ಮಾತ್ರ ಸರಿಯಾಗಿ ಬಂದಿದೆ. ಮೊನ್ನೆ ಅದನ್ನು ಎತ್ತಿಡುವಾಗ ತಂಗಿಗೆ ಫೋನ್ ಮಾಡಿದೆ. “ಆವತ್ತು ಹೊಂಗೆ ಮರದ ಕೆಳಗೆ ಕೂತಿದ್ದೆಯಲ್ಲ, ಅಷ್ಟು ಹೊತ್ತು ಏನು ಯೋಚನೆ ಮಾಡ್ತಿದ್ದೆ?” ಅಂತ ಕೇಳಿದೆ. ಅವಳು ತಡ ಮಾಡಲಿಲ್ಲ.

“ಇರುವೆ ನೋಡ್ತಿದ್ದೆ ಅಕ್ಕಾ. ಸೀರೆ ಅಂಚಿನ ಹತ್ರ ಒಂದು ಸಾಲು ಹೋಗ್ತಿತ್ತು. ಅದರಲ್ಲಿ ಒಂದು ಏನೋ ಬಿಳೀದು ಹೊತ್ಕೊಂಡಿತ್ತು. ನೆರಳಿಂದ ಬಿಸಿಲಿಗೆ ಬಂತು, ಮತ್ತೆ ನೆರಳಿಗೆ ಹೋಯ್ತು. ನೀನು ಅಲ್ಲಾಡಬೇಡ ಅಂದಿದ್ದೆ. ಅದಕ್ಕೇ ಅದು ಆಮೇಲೆ ಎಲ್ಲಿಗೆ ಹೋಯ್ತು ಅಂತ ತಿರುಗಿ ನೋಡೋಕೆ ಆಗಲಿಲ್ಲ.”